ಇಟ್ಟಿಗೆಯ ಮನೆಯ ಋಣ

ಹಿರಿಯರಿಂದ ಬಂದ ಹಳೆಯ ಮನೆಯನ್ನು ಮುರಿಯಬಹುದೋ ಮುರಿಯಕೂಡದೋ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಮನೆವಾರ್ತೆಯ ಸಣ್ಣ ಮಾತಾಗಿ ಕಾಣುತ್ತದೆ. ಹಣವುಳ್ಳವರು ಮುರಿದು ಕಟ್ಟುವರು. ಇಲ್ಲದವರು ಸೋರುವ ಮಾಳಿಗೆಯ ಕೆಳಗೆ ಪಾತ್ರೆಯನ್ನಿಟ್ಟು ಮಳೆಗಾಲವನ್ನು ಕಳೆಯುವರು. ಇದರಲ್ಲಿ ಧರ್ಮವಿಚಾರವು ಎಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆನು. ಆದರೆ ತುರ್ವಿಹಾಳದ ಸಮೀಪದ ಒಂದು ಹಳ್ಳಿಯಲ್ಲಿ ಇಂಥ ಮನೆಯೊಂದರ ವಿಷಯವಾಗಿ ನಾನು ಕೊಟ್ಟ ಸಲಹೆಯೊಂದು ನನ್ನ ನಿದ್ರೆಯನ್ನು ಕೆಡಿಸಿತು. ಶಾಸ್ತ್ರವನ್ನು ಆಧರಿಸಿಯೇ ಹೇಳಿದ್ದ ಆ ಮಾತು ಎಲ್ಲಿ ತಪ್ಪಿತೆಂದು ಹುಡುಕುತ್ತ ಹೋದಾಗ ನನಗೆ ತಿಳಿದುಬಂದುದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಆ ಮನೆಯನ್ನು ಕುರಿತು ಎರಡು ಮಾತು. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಗುಡ್ಡದಿಂದ ಒಡೆದು ತಂದ ಕಲ್ಲು, ಕೆಸರು ಮಣ್ಣು, ಮೇಲೆ ತೊಲೆ ಜಂತಿಗಳನ್ನು ಹಾಸಿ ಮಣ್ಣು ಹೊದಿಸಿದ ಮಾಳಿಗೆ: ಇದೇ ಇಲ್ಲಿಯ ಮನೆಗಳ ರೂಢಿ. ಸುಟ್ಟ ಇಟ್ಟಿಗೆಯ ಮನೆಯು ಅಪರೂಪ. ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಎರೆಭೂಮಿಯ ಕಪ್ಪು ಮಣ್ಣು ಒಣಗಿದರೆ ಬಿರಿಯುತ್ತದೆ, ನೆನೆದರೆ ಉಬ್ಬುತ್ತದೆ. ಅದು ಇಟ್ಟಿಗೆಗೆ ಬರುವಂಥದಲ್ಲ. ಮಸಾರಿಯ ಕೆಂಪು ಮಣ್ಣನ್ನೋ ಹಳ್ಳದ ದಂಡೆಯ ಮೆಕ್ಕಲನ್ನೋ ಹುಡುಕಿ ತರಬೇಕು. ತಂದಮೇಲೆ ಸುಡುವುದಕ್ಕೆ ಸೌದೆ ಬೇಕು. ಮರವೇ ವಿರಳವಾದ ಬಯಲುಸೀಮೆಯಲ್ಲಿ ಒಂದು ಭಟ್ಟಿಯನ್ನು ದಿನಗಟ್ಟಲೆ ಉರಿಸಬಲ್ಲವನು ಊರಿಗೆ ಒಬ್ಬನೋ ಇಬ್ಬರೋ. ಆದುದರಿಂದ ನಮ್ಮ ಕಡೆ ಇಟ್ಟಿಗೆಯ ಮನೆಯೆಂದರೆ ಸಂಪತ್ತಿನ ಗುರುತು. ಜನರು ಅದನ್ನು ಮನೆತನದ ಹೆಸರಿನಿಂದ ಕರೆಯದೆ ‘ಇಟ್ಟಂಗಿ ಮನಿ’ ಎಂದೇ ಕರೆಯುತ್ತಿದ್ದರು.

ನಾನು ಹೇಳುವ ಮನೆಯೂ ಅಂಥದೇ. ಹೊರಗೆ ಕಟ್ಟೆ, ಒಳಗೆ ಪಡಸಾಲೆ, ಅದರಾಚೆಗೆ ದೇವರ ಕೋಣೆ, ಅಡಿಗೆಯ ಮನೆ, ಹಿತ್ತಲು. ಗೋಡೆಗಳು ಒಂದು ಮೊಳಕ್ಕೂ ಹೆಚ್ಚು ದಪ್ಪ. ಇಟ್ಟಿಗೆಯ ನಡುವೆ ಅರೆದ ಗಚ್ಚು. ಮಾಳಿಗೆಯ ಮೇಲೆ ಪ್ರತಿವರ್ಷವೂ ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣನ್ನು ಹೊದಿಸಿ ತುಳಿಯುವ ಪದ್ಧತಿ. ಉಪ್ಪಿನಂಶವುಳ್ಳ ಆ ಮಣ್ಣು ನೆನೆದೊಡನೆ ಅಂಟಾಗಿ ಬಿಗಿದುಕೊಂಡು ನೀರನ್ನು ಕೆಳಗೆ ಬಿಡುವುದಿಲ್ಲ. ಪಡಸಾಲೆಯ ನೆಲದಲ್ಲಿ ಒಂದು ಹಗೇವು. ಎರೆಭೂಮಿಯ ಬಿಳಿಜೋಳವನ್ನು ಅದರಲ್ಲಿ ತುಂಬಿ ಬಾಯಿಯನ್ನು ಮುಚ್ಚಿದರೆ ಬರಗಾಲಕ್ಕೂ ಕಾಳು ಕೆಡದೆ ನಿಲ್ಲುತ್ತಿತ್ತು. ತಲೆಬಾಗಿಲ ಚೌಕಟ್ಟಿನ ಮೇಲೆ ಫಸಲಿ ಸನವನ್ನು ಕೆತ್ತಿರುವರು. 1948ರ ವರೆಗೆ ನಮ್ಮ ಜಿಲ್ಲೆಯು ನಿಜಾಮರ ಆಳಿಕೆಯಲ್ಲಿದ್ದಿತಷ್ಟೆ. ಫಸಲಿಗೆ 590 ಕೂಡಿಸಿದರೆ ಕ್ರಿಸ್ತಶಕವು ದೊರೆಯುತ್ತದೆ. ಹಾಗೆ ಲೆಕ್ಕವಿಟ್ಟರೆ ಮನೆಗೆ ನೂರು ವರುಷ ತುಂಬಿ ಮೇಲೆ ಕೆಲವಾಗಿವೆ.

ಈ ಮನೆಯ ಹಿರಿಯ ಮಗನು ನನ್ನ ಶಿಷ್ಯ. ಕೆಲವು ವರ್ಷಗಳ ಹಿಂದೆ ಅವನೂ ಅವನ ತಮ್ಮನೂ ನನ್ನಲ್ಲಿಗೆ ಬಂದು, “ಸರ್, ಮನೆಯನ್ನು ಕೆಡವಿ ಹೊಸದಾಗಿ ಕಟ್ಟಬೇಕೆಂದಿದ್ದೇವೆ, ತಾವು ಏನು ಹೇಳುವಿರಿ?” ಎಂದು ಕೇಳಿದರು. ಅವರ ಪಕ್ಷವು ದುರ್ಬಲವಾದುದೇನೂ ಅಲ್ಲ. ಹೊಲದಲ್ಲಿ ಈಗ ಜೋಳವಿಲ್ಲ, ಕಾಲುವೆಯ ನೀರಿನ ಭತ್ತವಿದೆ. ಹಗೇವಿನ ಕೆಲಸವು ಮುಗಿಯಿತು. ಎತ್ತುಗಳಿಲ್ಲ, ಟ್ರ್ಯಾಕ್ಟರು ಇದೆ. ಅದು ತಲೆಬಾಗಿಲಲ್ಲಿ ಹಿಡಿಸುವುದಿಲ್ಲ. ಸವುಳು ಮಣ್ಣನ್ನು ಹೊದಿಸುವ ಕೈಗಳು ಸಿಕ್ಕುವುದಿಲ್ಲ. ಮನೆಯು ಮನುಷ್ಯನಿಗಾಗಿಯೇ ಹೊರತು ಮನುಷ್ಯನು ಮನೆಗಾಗಿ ಅಲ್ಲವಷ್ಟೆ. ಕಲ್ಯಾಣದ ಶರಣರು ಸ್ಥಾವರವನ್ನು ನೆಚ್ಚಬೇಡವೆಂದು ಸಾರಿದ ನಾಡಿನಲ್ಲಿ ಹುಟ್ಟಿ, ಬಿರುಕುಬಿಟ್ಟ ಗೋಡೆಯನ್ನು ಅಪ್ಪಿಕೊಂಡಿರುವುದೇಕೆ? ಇದು ಅವರ ಪೂರ್ವಪಕ್ಷ.

ನಾನು ಆ ಕಲ್ಯಾಣದಿಂದಲೇ ಉತ್ತರವನ್ನು ತೆಗೆದೆನು. ಶರಣರಿಗೆ ಸ್ವಲ್ಪ ಮುಂಚೆ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದುದು ಅಲ್ಲಿಯೇ. ಬಂಗಾಳ ಅಸ್ಸಾಮುಗಳನ್ನು ಬಿಟ್ಟರೆ ಭರತಖಂಡದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿಯ ವ್ಯವಹಾರವು ಶತಮಾನಗಳವರೆಗೆ ಆ ಗ್ರಂಥದ ಮೇರೆಗೆ ನಡೆಯಿತು. ಅದರ ಮುಖ್ಯ ತತ್ತ್ವವು ಇದು: ಪಿತಾಮಹನಿಂದ ಬಂದ ಸ್ಥಾವರದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟು, ತಂದೆಯು ಅದನ್ನು ತನ್ನಿಚ್ಛೆಯಂತೆ ಮಾರಲಾರನು, ದಾನಮಾಡಲಾರನು. ಹುಟ್ಟಿದವರು, ಗರ್ಭದಲ್ಲಿರುವವರು, ಇನ್ನೂ ಹುಟ್ಟದಿರುವವರು ಇವರೆಲ್ಲರ ಜೀವನಾಧಾರವು ಅದರಲ್ಲಿದೆಯೆಂಬ ಹಳೆಯ ವಚನವನ್ನು ವಿಜ್ಞಾನೇಶ್ವರನು ಆಧಾರವಾಗಿ ತೋರಿಸುತ್ತಾನೆ. ಹುಟ್ಟದವನಿಗೂ ಹಕ್ಕುಂಟೆಂದು ಹೇಳಿದ ಶಾಸ್ತ್ರವು ಎಷ್ಟು ದೂರದೃಷ್ಟಿಯದು! ಹಾಗಾದರೆ ಮನೆಯು ನಮ್ಮ ಸ್ವತ್ತೆನ್ನುವುದಕ್ಕಿಂತ, ನಮ್ಮ ಕೈಯಲ್ಲಿಟ್ಟ ನಿಕ್ಷೇಪವೆನ್ನುವುದು ಯುಕ್ತ. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಋಣಾದಾನದ ತರುವಾಯ ಎರಡನೆಯದಾಗಿ ಬರುವುದೇ ನಿಕ್ಷೇಪ. ಇಟ್ಟುಕೊಂಡವನು ಅದನ್ನು ಕಾಯಬೇಕು, ಕೇಳಿದಾಗ ಹಿಂದಿರುಗಿಸಬೇಕು. ಅಲಕ್ಷ್ಯದಿಂದ ಕೆಡಿಸಿದರೆ ಬೆಲೆ ತೆರಬೇಕು. “ಅಜ್ಜನು ಇಟ್ಟದ್ದನ್ನು ಮೊಮ್ಮಗನಿಗೆ ಒಪ್ಪಿಸುವ ನಡುವಣ ಕೈ ನಿಮ್ಮದು. ಕೆಡವಬೇಡಿರಿ” ಎಂದೆನು.

ಇದಕ್ಕೆ ಇನ್ನೊಂದು ದೃಷ್ಟಾಂತವನ್ನೂ ಕೊಟ್ಟೆನು. ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರಾದ ಬೀಡನ್ ಎಂಬಾತನು ಅದನ್ನು ಕಂಡುಹಿಡಿಯುವ ವರೆಗೆ ಅದರಲ್ಲಿರುವುದೇನೆಂದು ಯಾರಿಗೂ ತಿಳಿದಿರಲಿಲ್ಲ. ‘ದೇವಾನಾಂಪ್ರಿಯ’ನೆಂದು ಕರೆದುಕೊಂಡ ಅರಸನು ಅಶೋಕನೇ ಎಂಬುದು ಆ ಬಂಡೆಯಿಂದ ನಿಶ್ಚಯವಾಯಿತು. ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಯಾರೂ ಕಾಯದಿದ್ದರೂ ಅದು ಉಳಿಯಿತು. ಕಲ್ಲು ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಇಟ್ಟಿಗೆಯು ಹಾಗಲ್ಲ, ಹಂಪೆಯ ಗೋಪುರಗಳನ್ನು ನೋಡಿರಿ, ಕೆಳಗಣ ಕಲ್ಲಿನ ಭಾಗವು ಗಟ್ಟಿಯಾಗಿ ನಿಂತಿದ್ದರೂ ಮೇಲಣ ಇಟ್ಟಿಗೆ ಗಾರೆಯ ಅಂತಸ್ತುಗಳು, ಪೂಜೆ ನಿಂತು ಆರೈಕೆ ತಪ್ಪಿದ ಕಡೆಯಲ್ಲೆಲ್ಲ, ಉದುರಿಹೋಗಿವೆ. ಆದುದರಿಂದ ಕಲ್ಲು ಉಳಿಯುವುದು ಅದೃಷ್ಟದಿಂದ, ಇಟ್ಟಿಗೆ ಉಳಿಯುವುದು ಮನುಷ್ಯನ ಕರ್ತವ್ಯದಿಂದ. ಈ ಮಾತನ್ನು ಹೇಳುವಾಗ ನನಗೆ ಬಹಳ ಸಮಾಧಾನವಾಗಿತ್ತೆಂದು ಒಪ್ಪಿಕೊಳ್ಳಬೇಕು. ಹುಡುಗರು ಗುರುವಿನ ಮಾತನ್ನು ಮೀರಲಿಲ್ಲ. ಮನೆಯು ಉಳಿಯಿತು.

ಮೂರನೆಯ ವರ್ಷದ ಆಷಾಢದಲ್ಲಿ ಹಿತ್ತಲ ಕಡೆಯ ಗೋಡೆಯ ಬುಡವು ಕುಸಿದು ನೀರು ಒಳಗೆ ಬಂದಿತು. ಕತ್ತಲೆಯಲ್ಲಿ ಎದ್ದ ಅವರ ತಾಯಿಯು ಅಡಿಗೆಯ ಮನೆಯ ಎತ್ತರದ ಹೊಸ್ತಿಲನ್ನು ದಾಟುವಾಗ ಜಾರಿ ಬಿದ್ದು ಸೊಂಟದ ಎಲುಬನ್ನು ಮುರಿದುಕೊಂಡಳು. ಎಂಬತ್ತು ದಾಟಿದ ಮುದುಕಿ. ಸುದ್ದಿಯನ್ನು ಕೇಳಿ ನಾನು ನೋಡಲು ಹೋದೆನು. ಪಡಸಾಲೆಯಲ್ಲಿ ಮಂಚದ ಮೇಲೆ ಮಲಗಿದ್ದ ಆಕೆಯು ನನ್ನನ್ನು ಕೂಡಹೇಳಿ, ಚಹಾ ತರಿಸಿ, ಆಮೇಲೆ ಯಾವ ಕೋಪವೂ ಇಲ್ಲದೆ ಹೀಗೆಂದಳು: “ಮಾಸ್ತರ್ರೇ, ಗ್ವಾಡಿ ಉಳಸ್ರಿ ಅಂತ ಹುಡುಗ್ರಿಗೆ ಹೇಳಿದ್ರಿ. ಗ್ವಾಡಿ ಒಳಗ ಇರೋರನ್ನ ಒಂದು ಮಾತು ಕೇಳಿದ್ರೇನ್ರೀ?”

ನನ್ನಲ್ಲಿ ಉತ್ತರವಿರಲಿಲ್ಲ. ಹುಟ್ಟಿದವರನ್ನು ಎಣಿಸಿದ್ದೆನು, ಹುಟ್ಟದವರನ್ನೂ ಎಣಿಸಿದ್ದೆನು. ಅರುವತ್ತು ವರ್ಷ ಆ ನೆಲವನ್ನು ಸಾರಿಸಿ, ಆ ಹೊಸ್ತಿಲಿಗೆ ಕುಂಕುಮವಿಟ್ಟು, ಸೋರಿದಾಗ ಪಾತ್ರೆಯನ್ನಿಟ್ಟವಳನ್ನು ಎಣಿಸಿರಲಿಲ್ಲ. ನಾನು ಆಧರಿಸಿದ ಶಾಸ್ತ್ರವೂ ಅವಳನ್ನು ಆ ಪಂಕ್ತಿಯಲ್ಲಿ ಕುಳ್ಳಿರಿಸಿರಲಿಲ್ಲ. ಜನ್ಮಸ್ವತ್ವವು ಗಂಡುಸಂತತಿಗೆ ಮಾತ್ರವೇ ಇತ್ತು. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಾನವಾದ ಹಕ್ಕು ನಮ್ಮ ರಾಜ್ಯದಲ್ಲಿ 1994ರಲ್ಲಿಯೂ ದೇಶಕ್ಕೆಲ್ಲ 2005ರಲ್ಲಿಯೂ ಕಾನೂನಿನಿಂದ ದೊರೆಯಿತು. ಸೊಸೆಯಾಗಿ ಬಂದವಳ ಅನುಭವಕ್ಕೆ ಯಾವ ಪತ್ರದಲ್ಲಿಯೂ ಕಲಮಿಲ್ಲ.

ಮನೆಗೆ ಹಿಂದಿರುಗುವಾಗ ನನಗೆ ಪಂಢರಪುರದ ಇಟ್ಟಿಗೆಯು ನೆನಪಾಯಿತು. ಕಥೆಯನ್ನು ಎಲ್ಲರೂ ಬಲ್ಲರು. ಪುಂಡಲೀಕನು ತಂದೆತಾಯಿಗಳ ಸೇವೆಯಲ್ಲಿದ್ದಾಗ ಭಗವಂತನು ಬಾಗಿಲಿಗೆ ಬಂದನು. ಪುಂಡಲೀಕನು ಏಳಲಿಲ್ಲ, ಒಂದು ಇಟ್ಟಿಗೆಯನ್ನು ಹೊರಗೆಸೆದು, ಅದರ ಮೇಲೆ ನಿಂತಿರೆಂದನು. ವಿಠ್ಠಲನು ಇಂದಿಗೂ ಟೊಂಕದ ಮೇಲೆ ಕೈಯಿಟ್ಟುಕೊಂಡು ಹಾಗೆಯೇ ನಿಂತಿರುವನು. ಚೀಕಲಪರವಿಯ ವಿಜಯದಾಸರು, ಮಾನವಿಯ ಜಗನ್ನಾಥದಾಸರು ಹಾಡಿದ ನಮ್ಮ ಜಿಲ್ಲೆಯಲ್ಲಿ ಈ ಕಥೆಯನ್ನು ಎಷ್ಟು ಸಲ ಕೇಳಿಲ್ಲ, ಎಷ್ಟು ಸಲ ತರಗತಿಯಲ್ಲಿ ಹೇಳಿಲ್ಲ! ಆದರೆ ಅದರ ಅರ್ಥವು ನನಗೆ ಆ ದಿನ ತಿಳಿಯಿತು. ಮುಪ್ಪಿನವರ ಸೇವೆಗೆ ಅಡ್ಡಿಬಾರದಿರಲೆಂದು ದೇವರಿಗೇ ಇಟ್ಟಿಗೆಯನ್ನು ಕೊಟ್ಟು ಹೊರಗೆ ನಿಲ್ಲಿಸಬಹುದು. ನಾನು ಮಾಡಿದುದು ಇದರ ವಿಪರೀತ: ಇಟ್ಟಿಗೆಯ ಸೇವೆಗಾಗಿ ಮುಪ್ಪಿನವಳನ್ನು ನಿಲ್ಲಿಸಿದ್ದೆನು.

ಹಾಗಾದರೆ ಕೆಡವುವುದೇ ಸರಿಯೆಂದಾಯಿತೇ? ಅವಸರದಲ್ಲಿ ಹಾಗೆನ್ನಿಸುವುದು ಸಹಜ. ಒಂದು ತಪ್ಪಿನಿಂದ ಓಡಿ ಅದರ ಎದುರಿನ ತಪ್ಪಿನೊಳಗೆ ಬೀಳುವುದು ಮನುಷ್ಯಸ್ವಭಾವ. ಆದುದರಿಂದ ಗೋಡೆಯು ಏಕೆ ಕುಸಿಯಿತೆಂಬುದನ್ನು ಮೊದಲು ನೋಡಬೇಕೆಂದುಕೊಂಡೆನು.

ಕುಸಿದ ಜಾಗದಲ್ಲಿ ಇಟ್ಟಿಗೆಗಳು ಮೊಣಕಾಲೆತ್ತರದ ವರೆಗೆ ಬಿಳಿಯ ಹುಡಿಯಾಗಿ ಉದುರುತ್ತಿದ್ದವು. ಅದು ಉಪ್ಪು. ಇದರ ಕಾರಣವನ್ನು ತಿಳಿಯಬೇಕಾದರೆ ಮನೆಯಿಂದ ಹೊರಗೆ ಬಂದು ಹೊಲವನ್ನು ನೋಡಬೇಕು. ತುಂಗಭದ್ರೆಯ ಅಣೆಕಟ್ಟಿನ ಕೆಲಸವು 1945ರಲ್ಲಿ ಆರಂಭವಾಗಿ 1953ರಲ್ಲಿ ಕಾಲುವೆಗಳಿಗೆ ನೀರು ಬಂದಿತು. ಎಡದಂಡೆಯ ಕಾಲುವೆಯು 227 ಕಿಲೋಮೀಟರು ಹರಿದು ಗಂಗಾವತಿ, ಸಿಂಧನೂರು, ಮಾನವಿ, ರಾಯಚೂರು ಸೀಮೆಗಳಿಗೆ ನೀರುಣಿಸುತ್ತದೆ. ಬರಗಾಲದ ಹೆಸರನ್ನು ಹೊತ್ತಿದ್ದ ನೆಲವು ಭತ್ತದ ಕಣಜವಾಯಿತು. ಆಂಧ್ರದಿಂದ ಬಂದ ಒಕ್ಕಲಿಗರು ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವಬಂಗಾಳದ ನಿರಾಶ್ರಿತರೂ ಸಿಂಧನೂರಿನ ಬಳಿ ನೆಲೆನಿಂತರು. ಈ ನೀರನ್ನು ಹಳಿಯುವವನು ಕೃತಘ್ನ. ಆದರೆ ನೀರು ಬರಿಯ ನೀರಾಗಿ ಬರುವುದಿಲ್ಲ. ಎರೆಭೂಮಿಯಲ್ಲಿ ವರ್ಷವಿಡೀ ನಿಂತ ನೀರು ಕೆಳಗಿಳಿದು, ನೆಲದೊಳಗಣ ನೀರನ್ನು ಮೇಲಕ್ಕೇರಿಸುತ್ತದೆ; ಅದರೊಡನೆ ಮಣ್ಣಿನ ಉಪ್ಪೂ ಏರುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುತ್ತದೆ. ಕಾಲುವೆಯ ಸೀಮೆಯಲ್ಲಿ ಹೀಗೆ ಜೌಗು ಸವುಳುಗಳಿಂದ ಕೆಟ್ಟ ಭೂಮಿಯು ಸಾವಿರಾರು ಎಕರೆ. ಹೊಲದಲ್ಲಿ ಏರಿದ ಉಪ್ಪು ಗೋಡೆಯಲ್ಲಿ ಏರದಿರುವುದೇ? ಮಾಳಿಗೆಯ ಮೇಲಿದ್ದು ಮನೆಯನ್ನು ಕಾಯುತ್ತಿದ್ದ ಸವುಳು ಬುಡಕ್ಕೆ ಬಂದು ಅದೇ ಮನೆಯನ್ನು ತಿನ್ನುತ್ತಿತ್ತು. ಹಗೇವಿನೊಳಗೆ ಇಣಿಕಿ ನೋಡಿದೆವು. ಎರಡು ಆಳು ಆಳದ ಆ ಕುಣಿಯಲ್ಲಿ ಜೋಳದ ಬದಲು ನೀರು ನಿಂತಿತ್ತು.

ಯಾಜ್ಞವಲ್ಕ್ಯನು ನಿಕ್ಷೇಪದ ವಿಷಯದಲ್ಲಿ ಒಂದು ವಿನಾಯಿತಿಯನ್ನು ಕೊಟ್ಟಿದ್ದಾನೆ: ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ನಷ್ಟವಾದುದನ್ನು ಇಟ್ಟುಕೊಂಡವನು ತುಂಬಿಕೊಡಬೇಕಾದುದಿಲ್ಲ. ಉಪ್ಪು ತಿಂದ ಗೋಡೆಯು ಈ ಬಗೆಯ ನಷ್ಟ. ಇದನ್ನು ನಿಲ್ಲಿಸಲೇಬೇಕೆಂದು ಹುಡುಗರನ್ನು ಕಟ್ಟುಹಾಕಿದುದು ನನ್ನ ಶಾಸ್ತ್ರದ ಅರೆಓದು. ಆದರೆ ಮಾಳಿಗೆಯ ಮಣ್ಣನ್ನು ಐದು ವರ್ಷ ಹೊದಿಸದೆ ಬಿಟ್ಟುದು ರಾಜನೂ ಅಲ್ಲ, ದೈವವೂ ಅಲ್ಲ, ಅದು ಅಲಕ್ಷ್ಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಎಲ್ಲವನ್ನೂ ಕಾಲಮಹಿಮೆಯೆಂದು ಕೆಡವುವುದೂ ತಪ್ಪು, ಎಲ್ಲವನ್ನೂ ಪೂರ್ವಜರ ಆಸ್ತಿಯೆಂದು ಕಾಪಾಡುವುದೂ ತಪ್ಪು.

ಇನ್ನೊಂದು ಸಂಗತಿಯನ್ನು ನನಗೆ ಕಲಿಸಿದವನು ಊರ ಹೊರಗಿನ ಒಬ್ಬ ಮುದುಕ. ಕುಸಿದ ಗೋಡೆಯ ಇಟ್ಟಿಗೆಗಳನ್ನು ಬೇರೆಮಾಡಲು ಬಂದಿದ್ದ ಅವನ ಅಜ್ಜನೇ ಈ ಮನೆಯ ಇಟ್ಟಿಗೆಗೆ ಮಣ್ಣು ಅಗೆದವರಲ್ಲಿ ಒಬ್ಬನಂತೆ. “ಆ ಮಣ್ಣು ಎಲ್ಲಿಯದು?” ಎಂದು ಕೇಳಿದೆನು. ಊರ ಪಡುವಣ ಕಡೆಗೆ ಕೈಮಾಡಿ ತೋರಿಸಿದನು. ಅಲ್ಲಿ ಒಂದು ತಗ್ಗು ಇದೆ. ದನಗಳು ನೀರು ಕುಡಿಯುತ್ತವೆ, ಹುಡುಗರು ಈಜು ಕಲಿಯುತ್ತಾರೆ, ಹೆಣ್ಣುಮಕ್ಕಳು ಕೌದಿಗಳನ್ನು ಒಗೆಯುತ್ತಾರೆ. ಅದನ್ನು ಎಷ್ಟೋ ಸಲ ದಾಟಿಹೋಗಿದ್ದೆನು. ಅದರ ಹೆಸರು ಇಟ್ಟಂಗಿ ಕುಣಿಯೆಂದು ಅಂದೇ ತಿಳಿಯಿತು. ಮುದುಕನು ನಕ್ಕು, “ಮನಿ ಅವರದಾತು, ಕುಣಿ ನಮ್ಮದಾತು” ಎಂದನು. ಅವನ ಅಜ್ಜನು ಕೂಲಿಯನ್ನು ಈಸಿಕೊಂಡುದು ಹೊರಗಿನ ಕಟ್ಟೆಯ ಬಳಿ ನಿಂತು. ತಾನು ಅಗೆದ ಮಣ್ಣಿನ ಮನೆಯ ಹೊಸ್ತಿಲನ್ನು ಅವನು ಒಂದು ದಿನವೂ ದಾಟಲಿಲ್ಲವೆಂಬುದನ್ನು ಅದೇ ನಗೆಯಲ್ಲಿ ಹೇಳಿದನು.

ಪಾಠಶಾಲೆಯಲ್ಲಿ ನಾವು ಓದಿದ ಅಗ್ನಿಚಯನದಲ್ಲಿ ಇಟ್ಟಿಗೆಗೆ ಮಹಾಗೌರವ. ಪದರಕ್ಕೆ ಇನ್ನೂರರಂತೆ ಐದು ಪದರ, ಒಟ್ಟು ಸಾವಿರ ಇಷ್ಟಕೆಗಳು; ಒಂದೊಂದನ್ನೂ ಮಂತ್ರಪೂರ್ವಕವಾಗಿ ಇಡಬೇಕು. ನಚಿಕೇತನಿಗೆ ಯಮನು ಅಗ್ನಿವಿದ್ಯೆಯನ್ನು ಉಪದೇಶಿಸುವಾಗಲೂ ಇಟ್ಟಿಗೆಗಳು ಎಂಥವು, ಎಷ್ಟು, ಹೇಗೆ ಇಡತಕ್ಕವು ಎಂಬುದನ್ನೇ ತಿಳಿಸಿದನೆಂದು ಕಠೋಪನಿಷತ್ತಿನಲ್ಲಿದೆ. ಆ ಇಷ್ಟಕೆಯೇ ನಮ್ಮ ಬಾಯಲ್ಲಿ ಇಟ್ಟಿಗೆಯಾಯಿತು. ಎಂಥವು, ಎಷ್ಟು, ಹೇಗೆ ಎಂಬ ಮೂರು ಪ್ರಶ್ನೆಗಳನ್ನು ನಾನು ನಲವತ್ತು ವರ್ಷ ಓದಿದ್ದೆನು. ‘ಎಲ್ಲಿಂದ, ಯಾರಿಂದ’ ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳಿದವನು ಈ ಮುದುಕ. ಒಂದು ಮನೆಯು ಎಷ್ಟು ಎತ್ತರಕ್ಕೆ ಎದ್ದಿದೆಯೋ ಅಷ್ಟು ತಗ್ಗು ಎಲ್ಲಿಯೋ ಬಿದ್ದಿರುತ್ತದೆ. ಮನೆಯ ಲೆಕ್ಕವನ್ನು ಬರೆಯುವವನು ಆ ತಗ್ಗನ್ನೂ ಬರೆಯಬೇಕು. ಇಲ್ಲದಿದ್ದರೆ ಲೆಕ್ಕವು ಅರ್ಧವೇ.

ಇಷ್ಟರಿಂದ ನನಗೆ ತೋರುವ ಸಿದ್ಧಾಂತವನ್ನು ಸಂಕ್ಷೇಪವಾಗಿ ಹೇಳುವೆನು. ಹಳೆಯ ಮನೆಯು ನಿಕ್ಷೇಪವೆಂಬುದು ನಿಜ. ಆ ಮಾತನ್ನು ನಾನು ಬಿಡುವುದಿಲ್ಲ. ಆದರೆ ನಿಕ್ಷೇಪವನ್ನು ಇಟ್ಟವರು ಯಾರೆಂಬುದರಲ್ಲಿ ತಪ್ಪಿದ್ದೆನು. ಕಟ್ಟಿಸಿದ ಅಜ್ಜನೊಬ್ಬನೇ ಅಲ್ಲ; ಮಣ್ಣು ಅಗೆದವನು, ಭಟ್ಟಿ ಸುಟ್ಟವನು, ಗಚ್ಚು ಅರೆದವಳು, ನೆಲ ಸಾರಿಸಿದವಳು ಇವರೆಲ್ಲರೂ ಅದರಲ್ಲಿ ತಮ್ಮ ಆಯುಷ್ಯದ ಪಾಲನ್ನು ಇಟ್ಟಿರುವರು. ಎರಡನೆಯದಾಗಿ, ನಿಕ್ಷೇಪವೆಂದರೆ ಗೋಡೆಯ ಆಕಾರವಲ್ಲ. ನೆಲದ ಮೇಲಣ ಬಾಳು ಯಾವ ರೀತಿ ನಡೆಯಿತೆಂಬ ತಿಳಿವಳಿಕೆಯು, ಜೋಳವನ್ನು ಬರಕ್ಕೆ ಕೂಡಿಡುವ ಬುದ್ಧಿಯು, ಬಿಸಿಲನ್ನು ತಡೆಯುವ ಗೋಡೆಯ ವಿದ್ಯೆಯು, ಅದರೊಡನೆ ಕಟ್ಟೆಯ ಹೊರಗೆ ನಿಲ್ಲಿಸಿದ ಅನ್ಯಾಯದ ನೆನಪೂ ಕೂಡ, ಮುಂದಿನವರಿಗೆ ಸಲ್ಲಬೇಕಾದ ಗಂಟು. ಪೂರ್ವಿಕರ ಹೆಮ್ಮೆಯನ್ನು ಮಾತ್ರ ಆರಿಸಿಕೊಂಡು ಅವರ ಸಾಲವನ್ನು ಬಿಡುವ ವಾರಸುದಾರನು ಇಲ್ಲ. ಮೂರನೆಯದಾಗಿ, ಇದ್ದವರನ್ನು ನೋಯಿಸಿ ಇಲ್ಲದವರಿಗಾಗಿ ಕಾಯುವುದು ಧರ್ಮವಲ್ಲ. ಹುಟ್ಟಲಿರುವ ಮೊಮ್ಮಗನಿಗೆ ಮನೆಯನ್ನು ಒಪ್ಪಿಸುವೆನೆಂದು ಅಜ್ಜಿಯನ್ನು ಬೀಳಿಸಿದರೆ, ಆ ಮೊಮ್ಮಗನು ಕೇಳುವ ಮೊದಲ ಪ್ರಶ್ನೆಯು ಅದೇ ಆಗುವುದು.

ನೂರು ವರ್ಷ ದಾಟಿದ ಕಟ್ಟಡಗಳಲ್ಲಿ ಮಹತ್ತ್ವದವೆಂದು ತೋರಿದವನ್ನು ಸರಕಾರವು ಕಾಪಾಡುವುದಕ್ಕೆ 1958ರ ಕಾನೂನಿದೆ. ಕೋಟೆಗಳಿಗೆ, ಗುಡಿಗಳಿಗೆ ಅದು ಸಾಲಬಹುದು. ಹಳ್ಳಿಯ ಇಟ್ಟಿಗೆಯ ಮನೆಗಳಿಗೆ ಕಾವಲುಗಾರರು ಬರುವುದಿಲ್ಲ. ಅಲ್ಲಿ ನಿರ್ಣಯವು ಮನೆಯವರದು. ಆದುದರಿಂದಲೇ ಅದು ನೀತಿಯ ಪ್ರಶ್ನೆ.

ಕೊನೆಗೆ ಆ ಮನೆಯು ಏನಾಯಿತೆಂದು ವಾಚಕರು ಕೇಳುವರು. ಈ ಸಲ ಸಲಹೆಯನ್ನು ನಾನು ಕೊಡಲಿಲ್ಲ. ಮನೆಯ ಮಗಳು ಕೊಟ್ಟಳು. ಕೊಟ್ಟ ಮನೆಯಿಂದ ತಾಯಿಯ ಆರೈಕೆಗೆಂದು ಬಂದಿದ್ದ ಆಕೆಗೆ ಕಾನೂನಿನ ಪ್ರಕಾರ ಅಣ್ಣತಮ್ಮಂದಿರಷ್ಟೇ ಪಾಲಿತ್ತು. “ನನ್ನ ಪಾಲಿನ ದುಡ್ಡು ಈಗ ಬೇಡ, ನನ್ನ ಮಾತು ನಡೀಲಿ” ಎಂದಳಂತೆ. ಅದರಂತೆ ಉಪ್ಪು ತಿಂದ ಹಿಂಭಾಗವನ್ನು ಇಳಿಸಿದರು. ಇಳಿಸುವ ಮುಂಚೆ ಅವಳ ಮಗನು ಕೋಣೆಕೋಣೆಯನ್ನೂ ಅಳೆದು ನಕ್ಷೆಯನ್ನು ಬರೆದನು. ಗಟ್ಟಿಯಾಗಿದ್ದ ಇಟ್ಟಿಗೆಗಳನ್ನು ಆರಿಸಿ, ನೆಲದಿಂದ ಕಲ್ಲಿನ ಬುನಾದಿಯನ್ನು ಎತ್ತರಿಸಿ, ತಾಯಿಗೆ ಒಂದು ಕೋಣೆಯನ್ನು ಕಟ್ಟಿದರು. ಅದಕ್ಕೆ ಹೊಸ್ತಿಲನ್ನೇ ಇಡಲಿಲ್ಲ. ಪಡಸಾಲೆಯೂ ಕಟ್ಟೆಯೂ ತಲೆಬಾಗಿಲೂ ಹಾಗೆಯೇ ಉಳಿದವು. ಮಾಳಿಗೆಗೆ ಮಣ್ಣು ಹೊದಿಸಿದರು. ಹೊಸ ಕೋಣೆಯಲ್ಲಿ ಹಾಲು ಉಕ್ಕಿಸಿದ ದಿನ ಊಟಕ್ಕೆ ಕರೆದವರಲ್ಲಿ ಕುಣಿಯ ಮುದುಕನೂ ಇದ್ದನು. ಅವನು ಮೊದಲು ಕಟ್ಟೆಯ ಬಳಿಯೇ ನಿಂತನು. ಮಂಚದ ಮೇಲಿಂದ ಮುದುಕಿಯು, “ಒಳಗ ಬಾರಪ್ಪಾ, ನಿಮ್ಮಜ್ಜನ ಮಣ್ಣದು” ಎಂದು ಕರೆದಳು. ಅವನು ಚಪ್ಪಲಿಯನ್ನು ಬಿಟ್ಟು ಒಳಗೆ ಬಂದು, ಪಡಸಾಲೆಯ ಗೋಡೆಗೆ ಒಂದು ಗಳಿಗೆ ಅಂಗೈಯನ್ನಿಟ್ಟು, ಆಮೇಲೆ ಎಲ್ಲರೊಡನೆ ಪಂಕ್ತಿಯಲ್ಲಿ ಕುಳಿತನು.

ನಾನು ಅವನ ಮಗ್ಗುಲಲ್ಲಿ ಕುಳಿತು ಉಂಡೆನು. ಶಾಸ್ತ್ರವನ್ನು ಓದಿದವರು ಆಗಾಗ್ಗೆ ಶಾಸ್ತ್ರವು ಎಣಿಸದೆ ಬಿಟ್ಟವರ ಮಗ್ಗುಲಲ್ಲಿ ಕುಳಿತು ಉಣ್ಣಬೇಕೆಂಬುದಿಷ್ಟೇ ಈ ಲೇಖನದ ವಿಜ್ಞಾಪನೆ.